ಕುಂಡಮೀಮಾಂಸೆ: ಬಾರದ ಮಳೆಗೂ ಬಿಡದ ಮಳೆಗೂ ನಡುವೆ ಒಂದು ಬದನೆಗಿಡ

ವಿಷಯಪ್ರವೇಶ

ತೋಟಗಾರಿಕೆಯ ಗ್ರಂಥಗಳಲ್ಲಿ ಎರಡು ಬಗೆ. ಮಳೆ ಬಂದೇ ಬರುತ್ತದೆಂದು ನಂಬಿ ಬರೆದವು ಒಂದು. ಮಳೆ ಬರುವ ಊರಿನಲ್ಲಿ ಕೂತು ಬರೆದವು ಇನ್ನೊಂದು. ಹಿಂದೂಪುರ ಮತ್ತು ಕಲ್ಯಾಣದುರ್ಗದ ಮಾಳಿಗೆಗಳ ಮೇಲೆ ಈ ಎರಡೂ ಬಗೆಯವು ಇದುವರೆಗೆ ಒಂದೇ ಕೆಲಸಕ್ಕೆ ಒದಗಿವೆ: ಆಷಾಢದ ಗಾಳಿಗೆ ಹಸಿರು ನೆರಳುಬಲೆ ಹಾರಿಹೋಗದಂತೆ ಅದರ ಅಂಚಿನ ಮೇಲೆ ಹೇರಲು. ರಟ್ಟು ಗಟ್ಟಿಯಿದ್ದವು ಹೆಚ್ಚು ಉಪಯುಕ್ತವೆಂದು ಕಂಡುಬಂದಿದೆ. ಈ ಕೊರತೆಯನ್ನು ನೀಗಲು ಪ್ರಸ್ತುತ ಶಾಸ್ತ್ರ ಹೊರಟಿದೆ.

ಶಾಸ್ತ್ರಕ್ಕೆ ಅನುಬಂಧ ಚತುಷ್ಟಯ ಇರಬೇಕೆಂಬುದು ಹಿರಿಯರ ಕಟ್ಟಳೆ. ಆದ್ದರಿಂದ ಮೊದಲು ಅಧಿಕಾರಿ: ತುಂಬಿದ ಕೊಡ ಹೊತ್ತು ಮಾಳಿಗೆಯ ಮೆಟ್ಟಿಲು ಹತ್ತಬಲ್ಲ, ಮೊಣಕಾಲು ನೆಟ್ಟಗಿರುವ ಯಾರೇ ಆಗಲಿ ಇದನ್ನು ಓದಲು ಅರ್ಹರು. ವಿಷಯ: ಒಂದು ಬದನೆಗಿಡ. ಸಂಬಂಧ: ಗಿಡಕ್ಕೂ ಗಿಡದವರಿಗೂ ಟ್ಯಾಂಕರಿನವರ ಮೊಬೈಲ್ ನಂಬರಿನ ಮೂಲಕ ಏರ್ಪಡುವಂಥದು. ಪ್ರಯೋಜನ: ಒಂದು ಹೊತ್ತಿನ ಎಣ್ಣೆಗಾಯಿ. ಅದೂ ವಿವಾದಾಸ್ಪದ, ಫಲಶ್ರುತಿಯಲ್ಲಿ ನೋಡಲಾಗುವುದು.

ದೇಶವಿಚಾರ

ಹಿಂದೂಪುರವೂ ಕಲ್ಯಾಣದುರ್ಗವೂ 2022ರ ಏಪ್ರಿಲ್ 4ರವರೆಗೆ ಒಂದೇ ಅನಂತಪುರ ಜಿಲ್ಲೆಯಲ್ಲಿದ್ದವು. ಅಂದು ಹಿಂದೂಪುರ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಹಳೆಯದರಲ್ಲೇ ಉಳಿಯಿತು. ಮೋಡಗಳಿಗೆ ಈ ಅಧಿಸೂಚನೆಯ ಪ್ರತಿ ತಲುಪಿದಂತಿಲ್ಲ. ಅವು ಎರಡೂ ಊರುಗಳನ್ನು ಮೊದಲಿನ ಹಾಗೆಯೇ ಒಟ್ಟಿಗೆ ದಾಟಿಕೊಂಡು ಹೋಗುತ್ತವೆ. ಇದರಲ್ಲಿ ಮೋಡದ ತಪ್ಪೇನೂ ಇಲ್ಲ. ಅರಬ್ಬಿ ಸಮುದ್ರದ ಮುಂಗಾರು ತಂದದ್ದನ್ನೆಲ್ಲ ಆಗುಂಬೆ, ಸಕಲೇಶಪುರಗಳ ಕಡೆ ಘಟ್ಟದ ಮೇಲೆಯೇ ಸುರಿದು, ಇತ್ತ ಬರುವ ಹೊತ್ತಿಗೆ ಗಾಳಿಯನ್ನು ಮಾತ್ರ ಉಳಿಸಿಕೊಂಡಿರುತ್ತದೆ. ಬಂಗಾಳ ಕೊಲ್ಲಿಯ ಹಿಂಗಾರು ನೆಲ್ಲೂರಿನವರಿಗೆ, ತಿರುಪತಿಯವರಿಗೆ ಹಂಚಿ, ಮಿಕ್ಕರೆ ನಮ್ಮ ಕಡೆ ಕೈ ಒದರುತ್ತದೆ. ಎರಡು ಮದುವೆಗೂ ಕರೆ ಬಂದು ಎರಡರಲ್ಲೂ ಕೊನೆಯ ಪಂಕ್ತಿಗೆ ಕೂತವರ ಸ್ಥಿತಿ ಈ ಸೀಮೆಯದು. ವರ್ಷದ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್. ಇಡೀ ದೇಶದಲ್ಲಿ ಜೈಸಲ್ಮೇರ್ ಬಿಟ್ಟರೆ ನಾವೇ ಎಂದು ಇಲ್ಲಿನ ಟೀ ಅಂಗಡಿಗಳಲ್ಲಿ ಹೇಳಿಕೊಳ್ಳುತ್ತಾರೆ. ಎರಡನೇ ಬಹುಮಾನ ಹೊಡೆದವರ ಬಿಗುಮಾನ ಆ ದನಿಯಲ್ಲಿ ಕೇಳಿಸುತ್ತದೆ.

ಗಾಳಿಗೆ ಮಾತ್ರ ಬರವಿಲ್ಲ. ರಾಮಗಿರಿಯ ಬೆಟ್ಟಗಳ ಮೇಲೂ ಕಲ್ಯಾಣದುರ್ಗದ ಸುತ್ತಿನ ಗುಡ್ಡಗಳ ಮೇಲೂ ನಿಂತ ಗಾಳಿಯಂತ್ರಗಳು ಇದಕ್ಕೆ ಪ್ರಮಾಣ. ಆ ಯಂತ್ರಗಳನ್ನು ತಿರುಗಿಸುವ ಗಾಳಿಯೇ ಮಾಳಿಗೆಯ ಮೇಲಿನ ನುಗ್ಗೆಯ ಕೊಂಬೆಯನ್ನೂ ಮುರಿಯುತ್ತದೆ. ಕೊಂಬೆ ಮುರಿದ ಗಾಳಿಗೆ ಎಷ್ಟು ಯೂನಿಟ್ ವಿದ್ಯುತ್ ಜಮಾ ಆಗಬೇಕೆಂಬ ಪ್ರಶ್ನೆಯನ್ನು ಈ ಶಾಸ್ತ್ರ ಎತ್ತುತ್ತದೆ, ಉತ್ತರಿಸುವುದಿಲ್ಲ.

ಸೂತ್ರ: ಸರಾಸರಿ ಸುರಿಯದು.

ವೃತ್ತಿ: 30×40 ಸೈಟಿನ ಮನೆಯ ಮಾಳಿಗೆ 1,200 ಚದರಡಿ, ಅಂದರೆ ಸುಮಾರು 111 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 550ರ ಲೆಕ್ಕ ಹಿಡಿದರೆ ವರ್ಷಕ್ಕೆ 61,000 ಲೀಟರ್. 5,000 ಲೀಟರಿನ ಟ್ಯಾಂಕರುಗಳಲ್ಲಿ ಹೇಳುವುದಾದರೆ ಹನ್ನೆರಡು. ತಿಂಗಳಿಗೊಂದು ಟ್ಯಾಂಕರು, ಬಾಡಿಗೆಯಿಲ್ಲದೆ, ಬೀದಿಯಲ್ಲಿ ಪೈಪು ಎಳೆಯುವ ಜಗಳವಿಲ್ಲದೆ, ನೇರ ಮೇಲಿಂದಲೇ! ಓದುಗರು ಇಲ್ಲಿ ಆನಂದಬಾಷ್ಪ ಸುರಿಸಬಾರದು, ಉಪ್ಪುನೀರು ಗಿಡಕ್ಕಾಗದು. ಹನ್ನೆರಡೂ ತಿಂಗಳಿಗೊಂದರಂತೆ ಬಂದ ವರ್ಷ ಯಾರ ನೆನಪಿನಲ್ಲೂ ಇಲ್ಲ. ಬೇಸಿಗೆಯುದ್ದಕ್ಕೂ ಒಂದೂ ಬಾರದೆ, ಆಮೇಲೆ ನಾಲ್ಕೈದು ಒಂದೇ ವಾರದಲ್ಲಿ ಸಾಲುಗಟ್ಟಿ ಬಂದು, ಮಾಳಿಗೆಯ ನೀರುಕಿಂಡಿಗೆ ಪಾಲಿಥಿನ್ ಚೀಲ ಸಿಕ್ಕಿಕೊಂಡ ದೆಸೆಯಿಂದ ಮಲಗುವ ಕೋಣೆಗೆ ಇಳಿಯುತ್ತವೆ.

2021ರ ನವೆಂಬರಿನಲ್ಲಿ ಇದೇ ಸೀಮೆಯ ಚಿತ್ರಾವತಿ ಉಕ್ಕಿ, ನಡುನೀರಿನಲ್ಲಿ ಸಿಕ್ಕಿಬಿದ್ದವರನ್ನು ವಾಯುಪಡೆಯ ಹೆಲಿಕಾಪ್ಟರ್ ಎತ್ತಬೇಕಾಯಿತು. ಬರಪೀಡಿತವೆಂದು ಪದೇ ಪದೇ ಪಟ್ಟಿಯಾಗುವ ಜಿಲ್ಲೆಯಲ್ಲಿ ಹೆಲಿಕಾಪ್ಟರು! ಇತ್ತ ವೇದಾವತಿಯ ಕಥೆ ಇನ್ನೂ ಉದ್ದ. ಹಿರಿಯೂರಿನ ವಾಣಿವಿಲಾಸ ಸಾಗರ ಕಟ್ಟಿ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಹರಿದದ್ದು, ಮತ್ತೆ ಕೋಡಿ ಹರಿಯಲು 2022 ಬರಬೇಕಾಯಿತು. ಆ ನದಿಯೇ ಮುಂದೆ ಹಗರಿಯಾಗಿ ಕಲ್ಯಾಣದುರ್ಗ ಕಡೆಯ ಭೈರವಾನಿತಿಪ್ಪ ಜಲಾಶಯಕ್ಕೆ ಬರುವಂಥದು. ಎಂಬತ್ತೊಂಬತ್ತು ವರ್ಷ ಕಾಯುವ ಸೈರಣೆ ಜಲಾಶಯಕ್ಕಿರಬಹುದು, ಬದನೆಗಿಡಕ್ಕಿಲ್ಲ.

ಕಾಲವಿಚಾರ

ಬಿತ್ತನೆಯ ಕಾಲವನ್ನು ನಿರ್ಣಯಿಸಲು ಮಳೆ ನಕ್ಷತ್ರಗಳಿವೆ. ತೊಡಕೇನೆಂದರೆ, ಗಡಿನಾಡಿನಲ್ಲಿ ನಕ್ಷತ್ರ ಒಂದೇ, ಗಾದೆ ಎರಡು. ಮೇ 25ರ ಸುಮಾರಿಗೆ ರೋಹಿಣಿ ಹುಟ್ಟುತ್ತದೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂದು ಕನ್ನಡದ ಗಾದೆ. ರೋಹಿಣಿ ಕಾರ್ತೆಯಲ್ಲಿ ಒರಳುಕಲ್ಲೂ ಬಿರಿಯುತ್ತದೆ ಎಂದು ತೆಲುಗಿನ ಗಾದೆ. ಮಡಕಶಿರಾ ಕಡೆಯ ಕನ್ನಡದ ಅತ್ತೆ, ಪೆನುಕೊಂಡ ಕಡೆಯ ತೆಲುಗಿನ ಸೊಸೆ ಇರುವ ಹಿಂದೂಪುರದ ಮನೆಯೊಂದನ್ನು ಊಹಿಸಿಕೊಳ್ಳಿ. ಊಹೆಗೆ ಕಷ್ಟಪಡಬೇಕಿಲ್ಲ, ಬೀದಿಗೆ ನಾಲ್ಕು ಇವೆ.

"ರೋಹಿಣಿ ಹುಟ್ತಲ್ಲಮ್ಮ, ಬೀಜ ಹಾಕು."

"ಒರಳೇ ಬಿರಿಯೋ ಬಿಸಿಲತ್ತೆ, ಬೀಜ ಹುರಿದೋಗ್ತೈತೆ."

"ನಾವೇನು ಹಾಕ್ತಿರ್ಲಿಲ್ವಾ?"

"ಆವಾಗ ಹಿತ್ತಲಿತ್ತು ಅತ್ತೆ. ಇದು ಸಿಮೆಂಟು."

ಇಬ್ಬರೂ ಪರಂಪರೆಯ ಬಲದ ಮೇಲೆ ವಾದಿಸುತ್ತಿರುವುದರಿಂದ ಇಬ್ಬರೂ ಗೆಲ್ಲುತ್ತಾರೆ, ಬೀಜ ಸೋಲುತ್ತದೆ. ಆದರೂ ಸೊಸೆಯ ಕೊನೆಯ ಮಾತು ಈ ಶಾಸ್ತ್ರದ ಎಲ್ಲ ಸೂತ್ರಗಳಿಗಿಂತ ಭಾರವಾದದ್ದು. ಹಿತ್ತಲಿನ ಬೇರಿಗೆ ಒಂದು ಗೇಣು ಕೆಳಗಿಳಿದರೆ ತಂಪಿತ್ತು. ಮಾಳಿಗೆಯ ಸಿಮೆಂಟಿನ ಮೇಲೆ ಕೂತ ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ ಬೇರು ಎಲ್ಲಿಗೆ ಹೋದರೂ ಬಿಸಿಯೇ. ಮಧ್ಯಾಹ್ನ ಮೂರು ಗಂಟೆಗೆ ಅಂಥ ಕುಂಡದ ಗೋಡೆಗೆ ಕೈಯಿಟ್ಟು ನೋಡಿ. ಕೈ ತಾನಾಗಿಯೇ ಹಿಂದಕ್ಕೆ ಬರುತ್ತದೆ. ಬೇರಿಗೆ ಆ ಸೌಲಭ್ಯವಿಲ್ಲ.

ಪೂರ್ವಪಕ್ಷ

ಈ ಪ್ರಾಂತ್ಯದ ತೋಟಗಾರರಲ್ಲಿ ಎರಡು ಸಂಪ್ರದಾಯಗಳು ಪ್ರಸಿದ್ಧವಾಗಿವೆ.

ಹಿಂದೂಪುರ ಸಂಪ್ರದಾಯ ಆಶಾವಾದಿ. ಬೆಂಗಳೂರು ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವುದು ಇದಕ್ಕೆ ಕಾರಣ. ಆಗಸ್ಟ್ ಮತ್ತು ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಲು ಹೋದವರು ವಾಪಸು ಬರುವಾಗ ರೈಲಿನಲ್ಲಿ ತೊಡೆಯ ಮೇಲೆ ಒಂದು ಹೈಡ್ರೇಂಜಿಯ ಕೂರಿಸಿಕೊಂಡು ಬರುತ್ತಾರೆ. ಅದು ದೊಡ್ಡಬಳ್ಳಾಪುರದವರೆಗೆ ನಗುತ್ತದೆ, ಗೌರಿಬಿದನೂರಿನಲ್ಲಿ ಕಿಟಕಿಯಾಚೆ ನೋಡುತ್ತದೆ, ಹಿಂದೂಪುರದಲ್ಲಿ ಇಳಿದ ಮೇಲೆ ಯಾರ ಜೊತೆಗೂ ಮಾತಾಡುವುದಿಲ್ಲ. ಸಂಪ್ರದಾಯಸ್ಥರು ಎದೆಗುಂದದೆ ಮುಂದಿನ ಪ್ರದರ್ಶನಕ್ಕೆ ಕಾಯುತ್ತಾರೆ.

ಕಲ್ಯಾಣದುರ್ಗ ಸಂಪ್ರದಾಯ ವೈರಾಗ್ಯಪರ. ನೀರು ಕೇಳುವ ಗಿಡ ಗಿಡವೇ ಅಲ್ಲ ಎಂಬುದು ಇವರ ಮತ. ನುಗ್ಗೆ, ಕರಿಬೇವು, ಸೀತಾಫಲ, ಹೆಚ್ಚೆಂದರೆ ಒಂದು ಪಾತಿ ಪುಂಡಿ ಸೊಪ್ಪು. ಉಳಿದದ್ದು ನಮ್ಮದು, ಒಣಗಿದ್ದು ನಮ್ಮದಲ್ಲ ಎಂದು ಇವರು ನಿಶ್ಚಿಂತೆಯಿಂದ ಇರುತ್ತಾರೆ. ಈ ಮತದಲ್ಲಿ ಸತ್ಯಾಂಶ ಹೆಚ್ಚೆಂದು ನಮ್ಮ ಅಭಿಪ್ರಾಯ. ಆದರೆ ಇದನ್ನು ಒಪ್ಪಿದರೆ ಗ್ರಂಥ ಇಲ್ಲಿಗೇ ಮುಗಿಯುವುದರಿಂದ ಒಪ್ಪಲಾಗದು.

ಎರಡೂ ಮತಗಳನ್ನು ಮೀರಿದ ಆದರ್ಶವೊಂದು ಹಿಂದೂಪುರಕ್ಕೆ ಹತ್ತಿರದಲ್ಲೇ ಇದೆ. ಲೇಪಾಕ್ಷಿಯ ಲತಾಮಂಟಪದ ಕಂಬಗಳ ಮೇಲಿನ ಬಳ್ಳಿಗಳು 16ನೇ ಶತಮಾನದಿಂದ ನೀರು, ಗೊಬ್ಬರ, ಬೇವಿನೆಣ್ಣೆ ಯಾವುದೂ ಇಲ್ಲದೆ ಚಿಗುರಿಕೊಂಡೇ ಇವೆ. ಎಲೆ ಮುರುಟಿಲ್ಲ, ಬಿಳಿನೊಣ ಕೂತಿಲ್ಲ. ಸೀರೆಯ ಅಂಚಿಗೂ ಹಬ್ಬಿವೆ. ಈ ಹವಾಮಾನಕ್ಕೆ ಶಿಲ್ಪಿಗಳು ಆರಿಸಿದ ತಳಿಯೇ ಸರಿಯಾದದ್ದೆಂದು ಕಲ್ಯಾಣದುರ್ಗದವರೂ ಒಪ್ಪುತ್ತಾರೆ. ಅಲ್ಲಿಯ ತೂಗುಕಂಬವೇ ಇಂದಿನ ತೂಗುಕುಂಡಗಳ ಮೂಲವೆಂಬ ಹಿಂದೂಪುರದವರ ವಾದಕ್ಕೆ ಮಾತ್ರ ಸದ್ಯಕ್ಕೆ ಆಧಾರ ಸಾಲದು.

ಇನ್ನು ಹೂ ಉದುರುವ ಸಮಸ್ಯೆ. ಟೊಮ್ಯಾಟೊ ಗಿಡ ಏಪ್ರಿಲಿನಲ್ಲಿ ಮೈತುಂಬ ಹಳದಿ ಹೂ ಬಿಟ್ಟು, ನೋಡಿದವರೆಲ್ಲ ಹೊಗಳಿ, ವಾರದೊಳಗೆ ಎಲ್ಲವನ್ನೂ ತೊಟ್ಟು ಸಮೇತ ಉದುರಿಸುತ್ತದೆ. ದೃಷ್ಟಿವಾದಿಗಳು ಇದಕ್ಕೆ ಎದುರುಮನೆಯವರ ಕಣ್ಣು ಕಾರಣವೆನ್ನುತ್ತಾರೆ. ಪರಾಗವಾದಿಗಳ ಪ್ರಕಾರ ಹಗಲಿನ ತಾಪ 35 ಡಿಗ್ರಿ ದಾಟಿ, ರಾತ್ರಿಯೂ ನೆಲ ಆರದಿದ್ದರೆ ಪರಾಗ ಸತ್ವ ಕಳೆದುಕೊಳ್ಳುತ್ತದೆ, ಕಾಯಿ ಕಚ್ಚುವುದಿಲ್ಲ. ಇಲ್ಲಿ ಏಪ್ರಿಲ್ ಮೇನಲ್ಲಿ 40 ಸಾಮಾನ್ಯ. ಶಾಸ್ತ್ರದ ದುರ್ದೈವವೆಂದರೆ ಪರಾಗವಾದಿಗಳ ಗಿಡ ಸರಿಯಾದ ಕಾರಣ ತಿಳಿದೂ ಸತ್ತಿತು. ದೃಷ್ಟಿ ತಾಗದಿರಲೆಂದು ಗಿಡದ ಸುತ್ತ ಹಳೇ ಸೀರೆ ಕಟ್ಟಿದವರ ಗಿಡ ಪಡುವಣ ಬಿಸಿಲು ತಪ್ಪಿಸಿಕೊಂಡು ಜೂನ್‌ವರೆಗೆ ಬದುಕಿತು. ಅಂದಿನಿಂದ ದೃಷ್ಟಿವಾದಿಗಳನ್ನು ಹಿಡಿಯುವವರಿಲ್ಲ.

ಮಳೆಯೇ ಬಾರದಿದ್ದರೆ ಬಂದೂಕಿನಿಂದ ತರಿಸಬಹುದೆಂಬ ಮತವೂ ಉಂಟು. 2016ರ ಆಗಸ್ಟಿನಲ್ಲಿ ಒಣಗುತ್ತಿದ್ದ ಕಡಲೆಕಾಯಿ ಉಳಿಸಲು ಆಂಧ್ರ ಸರ್ಕಾರ ಅನಂತಪುರದ ಹೊಲಗಳಿಗೆ ರೈನ್‌ಗನ್‌ಗಳನ್ನು ಕಳಿಸಿತ್ತು. ಕೃಷಿಹೊಂಡದಿಂದಲೋ ಟ್ಯಾಂಕರಿನಿಂದಲೋ ನೀರೆಳೆದು ಸುತ್ತಲೂ ಮಳೆಯಂತೆ ಚಿಮ್ಮಿಸುವ ಯಂತ್ರ ಅದು. ತರ್ಕಶುದ್ಧವಾದ ಯಂತ್ರ: ನೀರಿದ್ದರೆ ಮಳೆ ಬರಿಸುತ್ತದೆ. ಇದರ ಮನೆಬಳಕೆಯ ರೂಪ ಈ ಸೀಮೆಯಲ್ಲಿ ಮೊದಲಿಂದಲೂ ಇದೆ. ಮುಚ್ಚಳಕ್ಕೆ ಸೂಜಿಯಿಂದ ತೂತು ಹೊಡೆದ ನೀರಿನ ಬಾಟಲಿ.

ಷಡ್ದೋಷ ಪ್ರಕರಣ

ಈಗ ಸಿದ್ಧಾಂತ. ಕಡಪ ಕಡೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಭವದೂರ 1369ರಲ್ಲಿ ಹಾಕಿಸಿದ ಕೆರೆಶಾಸನವಿದೆ. ಒಳ್ಳೆಯ ಕೆರೆಗೆ ಹನ್ನೆರಡು ಅಂಗ, ಕೆಟ್ಟ ಕೆರೆಗೆ ಆರು ದೋಷ ಎಂದು ಅದು ವಿಧಿಸುತ್ತದೆ. ಧರ್ಮಿಷ್ಠನೂ ಧನಿಕನೂ ಆದ ರಾಜ ಮೊದಲನೇ ಅಂಗ. ಜಲಶಾಸ್ತ್ರ ಬಲ್ಲ ಬ್ರಾಹ್ಮಣ ಎರಡನೆಯದು. ಮೂರು ಯೋಜನ ದೂರದಿಂದ ಸಿಹಿನೀರು ತರುವ ನದಿ, ಒತ್ತಿಕೊಂಡ ಬೆಟ್ಟ, ಕಲ್ಲಿನ ಏರಿ, ಕೆಲಸ ಬಲ್ಲ ಆಳುಗಳು ಹೀಗೆ ಪಟ್ಟಿ ಬೆಳೆಯುತ್ತದೆ. ಆ ಕೆರೆಗೆ ದಿನಕ್ಕೆ ಸಾವಿರ ಆಳು, ನೂರು ಗಾಡಿ, ಎರಡು ವರ್ಷ ದುಡಿದವೆಂದೂ ಶಾಸನ ಹೇಳುತ್ತದೆ. ನಮ್ಮ ಕುಂಡಕ್ಕೆ ಇದ್ದ ಆಳು ಕಾಲೇಜಿಗೆ ಹೋಗುವ ಮಗರಾಯ ಒಬ್ಬನೇ. ಇಪ್ಪತ್ತು ಲೀಟರಿನ ಕ್ಯಾನು ಮೇಲಕ್ಕೆ ತಾ ಎಂದರೆ, ಯೂನಿಟ್ ಟೆಸ್ಟು ಎಂದ.

ಹನ್ನೆರಡು ಅಂಗಗಳಲ್ಲಿ ಮಾಳಿಗೆಯ ಕುಂಡಕ್ಕೆ ಒಂದೂ ಒದಗುವುದಿಲ್ಲ. ಆರು ದೋಷಗಳು ಮಾತ್ರ ಒಂದೂ ಬಿಡದಂತೆ ಒದಗುತ್ತವೆ. ಇದೇ ಈ ಗ್ರಂಥದ ಶೋಧ. 650 ವರ್ಷ ಹಿಂದೆ ಕೆರೆಗೆಂದು ಬರೆದದ್ದು, ಓದಿದರೆ ನಮ್ಮ ಬದನೆಯ ಚೀಲವನ್ನು ಮುಂದಿಟ್ಟುಕೊಂಡೇ ಬರೆದಂತಿದೆ.

ಏರಿಯಿಂದ ನೀರು ಜಿನುಗುವುದು ಮೊದಲ ದೋಷ. ಹೊಲಿಗೆ ಬಿಟ್ಟ ಗ್ರೋಬ್ಯಾಗ್ ಎಂದರೆ ಸಾಕು.

ನಡುವೆ ದಿಬ್ಬ ಇರುವುದು ಇನ್ನೊಂದು. ಬುಡಕ್ಕೆ ಮಣ್ಣು ಏರಿಸಬೇಕೆಂದು ಯಾರೋ ಹೇಳಿದ್ದನ್ನು ಕೇಳಿ ಕುಂಡದ ನಡುವೆ ಗೋಪುರ ಕಟ್ಟಿದರೆ, ಹಾಕಿದ ನೀರೆಲ್ಲ ಅಂಚಿಗಿಳಿದು, ಕುಂಡದ ಗೋಡೆಗುಂಟ ಜಾರಿ, ತಳದ ತೂತಿನಿಂದ ಹೊರಗೆ. ಬೇರಿಗೆ ಸದ್ದು ಮಾತ್ರ ಕೇಳಿಸುತ್ತದೆ.

ಚೌಳು ಮಣ್ಣಿನದು ಸ್ವಲ್ಪ ದೊಡ್ಡ ಕಥೆ. ಇಲ್ಲಿಯ ಬೋರಿನ ನೀರು ಗಡಸು. ಬಿಂದಿಗೆಯೊಳಗೆ ಸುಣ್ಣ ಕಟ್ಟುತ್ತದೆ, ಹಲವು ಹಳ್ಳಿಗಳಲ್ಲಿ ಫ್ಲೋರೈಡೂ ಹೆಚ್ಚು. ಆದ್ದರಿಂದ ಕುಡಿಯಲು ಮನೆಮನೆಗೂ ಆರ್‌ಒ ಯಂತ್ರ ಬಂತು. ಅದು ಒಳ್ಳೆ ನೀರನ್ನು ಇತ್ತ ಬಿಟ್ಟು, ಉಪ್ಪೆಲ್ಲ ಕೂಡಿದ ನೀರನ್ನು ಅತ್ತ ತಳ್ಳುತ್ತದೆ. ತಳ್ಳಿದ ನೀರನ್ನು ಚೆಲ್ಲಲು ಈ ಸೀಮೆಯವರಿಗೆ ಮನಸ್ಸು ಬಾರದು. ಬಕೆಟ್ಟಿಗೆ ಹಿಡಿದು ಗಿಡಕ್ಕೆ ಹಾಕುತ್ತಾರೆ. ನಾಲ್ಕು ತಿಂಗಳಿಗೆ ಮಣ್ಣಿನ ಮೇಲೆ ರಂಗೋಲಿ ಪುಡಿ ಚೆಲ್ಲಿದ ಹಾಗೆ ಬೆಳ್ಳನೆಯ ಪೊರೆ ಏಳುತ್ತದೆ, ಎಲೆಯ ಅಂಚು ಸುಡುತ್ತದೆ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಗಿಡಕ್ಕೆ ಹಾಕಿ, ಆರ್‌ಒ ತಳ್ಳಿದ ನೀರಿನಲ್ಲಿ ನೆಲ ಒರೆಸಿದರೆ ಮುಗಿಯಿತು. ಆದರೆ ಅಷ್ಟು ಸರಳವಾದದ್ದನ್ನು ಪ್ರಬಂಧದಲ್ಲಿ ಬರೆದರೆ ಪಾಂಡಿತ್ಯಕ್ಕೆ ಕುಂದು.

ಈಗ ಎರಡು ರಾಜ್ಯಗಳ ಗಡಿಯಲ್ಲಿರುವ ದೋಷ. ಶಾಸನಕಾರ ಇದನ್ನು ಬರೆದಾಗ ಹಿಂದೂಪುರದ ಭವಿಷ್ಯವನ್ನು ಕಂಡಿದ್ದನೋ ಏನೋ. ಉತ್ತರ ಪಿನಾಕಿನಿ ಹುಟ್ಟುವುದು ಕರ್ನಾಟಕದ ನಂದಿಬೆಟ್ಟದ ಕಡೆ. ಹಿಂದೂಪುರದ ಬಳಿ ಆಂಧ್ರಕ್ಕೆ ಬಂದು ಪೆನ್ನಾ ಆಗುತ್ತದೆ. ಅದರ ನೀರಿನ ವ್ಯಾಜ್ಯಕ್ಕೆ 1892ರ ಮದ್ರಾಸ್–ಮೈಸೂರು ಒಪ್ಪಂದದಷ್ಟು ವಯಸ್ಸಾಗಿದೆ. ಪೆನ್ನಾ, ಚಿತ್ರಾವತಿ, ವೇದಾವತಿ ಮುಂತಾದ ನದಿಗಳ ಮೇಲೆ ಮೈಸೂರಿನವರು ಹೊಸ ನೀರಾವರಿ ಜಲಾಶಯ ಕಟ್ಟುವ ಮುಂಚೆ ಮದ್ರಾಸಿನ ಒಪ್ಪಿಗೆ ಪಡೆಯಬೇಕೆಂದು ಅದರ ನಿಯಮ. ನಮ್ಮ ಹೀರೆಬಳ್ಳಿಗೆ ಇಂಥ ಒಪ್ಪಂದ ಇರಲಿಲ್ಲ. ಅದು ಪ್ಯಾರಾಪೆಟ್ ಗೋಡೆ ದಾಟಿ ಪಕ್ಕದ ಮಾಳಿಗೆಗೆ ಹಬ್ಬಿತು.

"ಅಕ್ಕಾ, ನಿಮ್ಮ ಬಳ್ಳಿ ನಮ್ಮ ಕಡೆ ಬಂದೈತೆ."

"ಬರ್ಲಿ ಬಿಡಮ್ಮ, ಕಾಯಿ ಬಿಟ್ರೆ ಕಿತ್ಕೊ."

"ಕಾಯಿ ಬಿಟ್ಟೈತೆ, ಕಿತ್ತಿದ್ದೂ ಆಯ್ತು. ನೀರು ಸಾಲ್ತಾ ಇಲ್ಲ, ಒಂದು ಕೊಡ ಜಾಸ್ತಿ ಹಾಕಿ ಅಂತ ಹೇಳೋಕೆ ಬಂದೆ."

ನೀರು ಮೇಲ್ದಂಡೆಯವರದು, ಫಸಲು ಕೆಳದಂಡೆಯವರದು ಎಂಬ ಈ ತತ್ತ್ವಕ್ಕೆ ಯಾವ ನ್ಯಾಯಮಂಡಳಿಯ ಮನ್ನಣೆಯೂ ಬೇಕಿಲ್ಲ. ಮಾರನೇ ದಿನದಿಂದ ಒಂದು ಕೊಡ ಜಾಸ್ತಿ ಹೋಗುತ್ತಿದೆ.

ಕೊನೆಯ ಎರಡು ದೋಷ ಜೋಡಿ: ನೀರು ಕಡಿಮೆಯಿದ್ದು ನೆಲ ಹೆಚ್ಚಿರುವುದು, ನೆಲ ಕಡಿಮೆಯಿದ್ದು ನೀರು ಹೆಚ್ಚಿರುವುದು. ಒಂದು ಕೆರೆಗೆ ಇವೆರಡರಲ್ಲಿ ಒಂದು ಬರಬಹುದು, ಎರಡೂ ಬರಲಾರವೆಂದು ವಿಜಯನಗರದವರು ನಂಬಿದ್ದ ಹಾಗಿದೆ. ಮಾಳಿಗೆಯ ಕುಂಡಕ್ಕೆ ಮೇನಲ್ಲಿ ಮೊದಲನೆಯದು, ನವೆಂಬರಿನಲ್ಲಿ ಎರಡನೆಯದು, ಒಂದೊಂದು ವರ್ಷ ಒಂದೇ ವಾರದಲ್ಲಿ ಎರಡೂ. ಬಿಸಿಲಿಗೆ ಒಣಗಿ ಕಲ್ಲಾದ ಕೆಂಪುಮಣ್ಣು ಮೊದಲ ಜೋರು ಮಳೆಯನ್ನು ಒಳಗೆ ಬಿಟ್ಟುಕೊಳ್ಳದೆ ಮೇಲೆ ಹೆಪ್ಪುಗಟ್ಟುತ್ತದೆ. ಎರಡನೇ ಮಳೆಗೆ ಕುಂಡದ ತೂತು ಕಟ್ಟಿ, ಬೇರು ನೀರಿನಲ್ಲಿ ನಿಲ್ಲುತ್ತದೆ. ತಿಂಗಳೆಲ್ಲ ಉಪವಾಸವಿದ್ದ ಟೊಮ್ಯಾಟೊ ಕಾಯಿ ಒಮ್ಮೆಲೇ ನೀರು ಕುಡಿದು ಸಿಪ್ಪೆ ಬಿರಿಯುತ್ತದೆ. ಏರುಪೇರಾದ ನೀರಿನಿಂದ ಕಾಯಿಯ ತುದಿಗೆ ಸುಣ್ಣದಂಶ ತಲುಪದೆ ಅಡಿ ಕಪ್ಪಾಗುತ್ತದೆ. ಮಣ್ಣಿನಲ್ಲಿ ಸುಣ್ಣಕ್ಕೇನೂ ಕೊರತೆಯಿಲ್ಲ ಎಂಬುದನ್ನು ಈಗಾಗಲೇ ಚೌಳಿನ ಪ್ರಸ್ತಾಪದಲ್ಲಿ ಹೇಳಿದ್ದೇವೆ. ಹೊತ್ತು ತರುವ ನೀರು ಹೊತ್ತಿಗೆ ಸಿಗದೆ ಹೀಗಾಗುತ್ತದೆ. ಜಿಲ್ಲಾ ಕಚೇರಿಗಳ ಆಡಳಿತ ಬಲ್ಲವರಿಗೆ ಈ ರೋಗದ ಸ್ವರೂಪ ಬೇಗ ಅರ್ಥವಾಗುತ್ತದೆ.

ಪ್ರಾಯಶ್ಚಿತ್ತ

ಆರು ದೋಷಕ್ಕೂ ಒಂದೇ ಪರಿಹಾರ ಹೇಳುವುದು ಶಾಸ್ತ್ರಕ್ಕೆ ಶೋಭೆಯಲ್ಲ, ಆದರೆ ಇರುವುದೇ ಎರಡು. ಒಂದು, ಬಣ್ಣ ಹಚ್ಚದ ಮಣ್ಣಿನ ಗಡಿಗೆ. ದೊಡ್ಡ ಕುಂಡದ ನಡುವೆ ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ತಟ್ಟೆ ಮುಚ್ಚಿದರೆ ಅದರ ಮೈಯಿಂದ ನೀರು ಸುತ್ತಲಿನ ಒಣಮಣ್ಣಿಗೆ ಮೆಲ್ಲಗೆ ಇಳಿಯುತ್ತದೆ. ಮಣ್ಣು ಹಸಿಯಿದ್ದರೆ ಇಳಿಯುವುದೂ ನಿಧಾನವಾಗುತ್ತದೆ. ಮೊದಲನೇ ದೋಷವೆಂದು ಶಾಸನ ಬೈದ ಜಿನುಗುವಿಕೆಯೇ ಇಲ್ಲಿ ಗುಣ. ಎರಡು, ಕಡಲೆಕಾಯಿ ಹೊಟ್ಟು. ಈ ಸೀಮೆಯಲ್ಲಿ ಬೇರೇನಿಲ್ಲದಿದ್ದರೂ ಅದು ಉಂಟು. ಮಿಲ್ಲಿನ ಹಿಂದೆ ಗುಡ್ಡೆ ಬಿದ್ದಿರುತ್ತದೆ. ಒಂದು ಚೀಲ ತಂದು ಕುಂಡದ ಮೇಲೆ ಎರಡು ಬೆರಳು ದಪ್ಪ ಹರವಿದರೆ ಬಿಸಿಲು ಮಣ್ಣಿಗೆ ತಾಗುವುದಿಲ್ಲ, ಜೋರು ಮಳೆ ಮಣ್ಣನ್ನು ಹೆಪ್ಪುಗಟ್ಟಿಸುವುದಿಲ್ಲ. ಕಲ್ಯಾಣದುರ್ಗದ ಗಾಳಿಯಲ್ಲಿ ಅದು ಎದ್ದು ಪಕ್ಕದವರ ಸಂಡಿಗೆಯ ಮೇಲೆ ಕೂರುತ್ತದೆ, ಆದ್ದರಿಂದ ಹರವಿದ ಕೂಡಲೇ ಒಂದು ಚೊಂಬು ನೀರು ಚಿಮುಕಿಸಿ ಕೂರಿಸಬೇಕು. ಇದನ್ನು ಯಾವ ಗ್ರಂಥವೂ ಹೇಳಿಲ್ಲ. ಸಂಡಿಗೆಯವರು ಹೇಳಿದ್ದು.

ಫಲಶ್ರುತಿ

ಅವಲೋಕನಕ್ಕೆಂದು ಇಟ್ಟಿದ್ದ ಬದನೆಗಿಡ ಹಿಂಗಾರಿನ ಹೊತ್ತಿಗೆ ಒಂದು ಕಾಯಿ ಬಿಟ್ಟಿತು. ತೂಕ, ಸುತ್ತಳತೆ, ಬಣ್ಣ ದಾಖಲಿಸಿ ಪರಿಶಿಷ್ಟದಲ್ಲಿ ಸೇರಿಸುವ ಉದ್ದೇಶವಿತ್ತು. ತಕ್ಕಡಿ ತರಲು ಕೆಳಗೆ ಹೋಗಿ ಬರುವಷ್ಟರಲ್ಲಿ ದತ್ತಾಂಶವನ್ನು ನಾಲ್ಕು ಸೀಳಿ, ಕಡಲೆಕಾಯಿ ಬೀಜದ ಪುಡಿ ತುಂಬಿ, ಎಣ್ಣೆಗೆ ಬಿಟ್ಟಾಗಿತ್ತು. ರುಚಿಯ ವಿಚಾರದಲ್ಲಿ ಮನೆಯವರಲ್ಲಿ ಏಕಮತವಿದೆ, ಆದರೆ ಏಕಮತವನ್ನು ಪ್ರಮಾಣವಾಗಿ ಸ್ವೀಕರಿಸುವ ಪದ್ಧತಿ ನಮ್ಮಲ್ಲಿಲ್ಲ.

ಅದೇ ಕುಂಡದಲ್ಲಿ, ಯಾರೂ ಹಾಕದ, ಯಾರೂ ನೀರು ಲೆಕ್ಕ ಇಡದ ಇನ್ನೊಂದು ಗಿಡ ಎದ್ದಿದೆ. ಹೊಟ್ಟಿನ ನಡುವೆ ಒಡೆಯದೆ ಉಳಿದ ಕಡಲೆಕಾಯಿಯೊಂದು ಮೊಳೆತು, ಹಳದಿ ಹೂ ಬಿಟ್ಟು, ಕಡ್ಡಿಗಳನ್ನು ಮಣ್ಣಿಗೆ ಇಳಿಸಿಕೊಂಡಿದೆ. ಪ್ರಬಂಧದ ಪ್ರತಿಜ್ಞೆಯಲ್ಲಿ ಅದರ ಹೆಸರಿಲ್ಲದ ಕಾರಣ ಅದನ್ನು ಯಶಸ್ಸೆಂದು ಎಣಿಸಲಾಗದು. ಕಡಲೆಕಾಯಿಗೆ ಬೆಳೆವಿಮೆ ಉಂಟೆಂದು ನೆನಪಾಗಿ ಒಂದು ಕಚೇರಿಯಲ್ಲಿ ವಿಚಾರಿಸಿದೆವು. ಪಟ್ಟಾದಾರ್ ಪಾಸ್‌ಬುಕ್ಕು ತನ್ನಿ, ಚೀಲದ ಸರ್ವೆ ನಂಬರ್ ಬರೆದುಕೊಂಡು ಬನ್ನಿ ಎಂದಿದ್ದಾರೆ.